ಪಿಸಿ ಸ್ಲೋ, ಗೇಮ್ ತಡವರಿಸ್ತಿದೆ: ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಅಂತಾರೆ, ನಿಜಾನಾ?

ತೊಗರಿಬೇಳೆ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡಿ. ತಲೆ ಕೆಟ್ಟು ಕೂತಿದ್ದೇನೆ.

2021ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಜೋಡಿಸಿಕೊಂಡ ಪಿಸಿ ನನ್ನದು. ಐ5-10400 ಪ್ರೊಸೆಸರ್, ಎಚ್410 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11 ಇರೋ 240 ಜಿಬಿ ಎಸ್‌ಎಸ್‌ಡಿ, ಉಳಿದಿದ್ದಕ್ಕೆಲ್ಲ 1 ಟಿಬಿ ಹಾರ್ಡ್‌ಡಿಸ್ಕ್. ವ್ಯಾಲೊರೆಂಟ್ ಗೇಮ್ ಲೋ ಸೆಟ್ಟಿಂಗ್‌ನಲ್ಲಿ 180ರಿಂದ 200 ಎಫ್‌ಪಿಎಸ್ (ಅಂದರೆ ಸೆಕೆಂಡಿಗೆ ಅಷ್ಟು ಚಿತ್ರ) ಆರಾಮಾಗಿ ಬರುತ್ತಿತ್ತು. ಈಗ ಎರಡು ತಿಂಗಳಿಂದ ಏನಾಗಿದೆ ಅಂದರೆ, ಶುರುವಿನಲ್ಲಿ ಅರ್ಧ ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ದಬಕ್ಕನೆ 50-60ಕ್ಕೆ ಬೀಳುತ್ತೆ. ಎದುರಾಳಿ ಮುಂದೆ ಬಂದ ಗಳಿಗೆಗೇ ಚಿತ್ರ ನಿಂತುಬಿಡುತ್ತೆ, ನಾನು ಸತ್ತ ಮೇಲೆ ಮತ್ತೆ ಸರಾಗ. ಟೀಮಿನವರು ಬೈಯೋದು ಕೇಳಿ ಕೇಳಿ ಹೆಡ್‌ಸೆಟ್ ಹಾಕೋದೇ ಬಿಟ್ಟಿದ್ದೇನೆ.

ಗೇಮ್ ಒಂದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಇದೇ ಪಿಸಿಯಲ್ಲಿ ಅಪ್ಪ ನುಡಿ ಹಾಕಿಕೊಂಡು ಊರಿನವರ ಅರ್ಜಿ ಟೈಪ್ ಮಾಡಿಕೊಡುತ್ತಾರೆ. ಸೇವಾ ಸಿಂಧು ತೆರೆದು ಒಂದು ಫಾರ್ಮ್ ತುಂಬೋಕೆ ಅರ್ಧ ಗಂಟೆ ಆಗ್ತಿದೆ ಅಂತ ಅವರಿಗೂ ಸಿಟ್ಟು, ಎಲ್ಲಾ ನಿನ್ನ ಗೇಮಿಂದಲೇ ಆಗಿದ್ದು ಅಂತ ದಿನಾ ಮಂತ್ರ.

ಇಲ್ಲಿ ಕಲಬುರಗಿಯಲ್ಲೇ ಒಂದು ಅಂಗಡಿಗೆ ತೋರಿಸಿದೆ. ಮೊದಲು ಫಾರ್ಮ್ಯಾಟ್ ಮಾಡಿ 500 ರೂಪಾಯಿ ತಗೊಂಡರು. ಸರಿ ಹೋಗಲಿಲ್ಲ. ಎರಡನೇ ಸಲ ಹೋದಾಗ ಮದರ್‌ಬೋರ್ಡ್ ವೀಕ್ ಆಗಿದೆ, 6,500 ಆಗುತ್ತೆ ಅಂದರು. ಬೋರ್ಡ್ ವೀಕ್ ಆಗೋದು ಅಂದರೇನು? ಹಾಗೆ ಆಗುತ್ತಾ?

ಆರ್‌ಟಿಎಕ್ಸ್_ಕನಸು · ಭಾನುವಾರ ರಾತ್ರಿ 10:52

ಗುರು, ಜಿಟಿಎಕ್ಸ್ 1650 ಬಂದಿದ್ದು 2019ರಲ್ಲಿ. ಅದರಿಂದ ಇನ್ನೂ ಎಷ್ಟು ದುಡಿಸ್ಕೋತೀಯಾ. ಕಾರ್ಡ್ ಬದಲಿಸು, ಎಲ್ಲಾ ಸರಿ ಹೋಗುತ್ತೆ.

ಹಳೇ ಸೈಬರ್ ಕೆಫೆ · ಭಾನುವಾರ ರಾತ್ರಿ 11:15

ಮೇಲಿನ ತಮ್ಮ, ಅದೇ ಕಾರ್ಡಿನಲ್ಲಿ ಮೂರು ತಿಂಗಳ ಹಿಂದೆ 200 ಬರುತ್ತಿತ್ತು ಅಂತ ಅವರೇ ಬರೆದಿದ್ದಾರಲ್ಲ. ಕಾರ್ಡ್ ಹಳೇದಾದರೆ ಹೊಸ ಗೇಮಿಗೆ ಸಾಲದೆ ಹೋಗಬಹುದು. ಅದೇ ಗೇಮು, ಅದೇ ಸೆಟ್ಟಿಂಗು ಇದ್ದಕ್ಕಿದ್ದಂತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯಲ್ಲ. ಏನೋ ಒಂದು ಕೆಟ್ಟಿದೆ. ಅದನ್ನ ಹುಡುಕಬೇಕು.

ತೊಗರಿಬೇಳೆ ಅವರೇ, ದಾವಣಗೆರೆಯಲ್ಲಿ ಹನ್ನೊಂದು ವರ್ಷ ಸೈಬರ್ ಕೆಫೆ ನಡೆಸಿದವನು ನಾನು. "ಬೋರ್ಡ್ ವೀಕ್" ಅನ್ನೋದು ಯಾವ ಮೀಟರಿನಲ್ಲೂ ಅಳೆಯೋಕೆ ಬರಲ್ಲ. ಬೋರ್ಡ್ ಹೋದರೆ ಸಾಮಾನ್ಯವಾಗಿ ಆನ್ ಆಗಲ್ಲ, ಇಲ್ಲಾ ನಡುವೆ ರೀಸ್ಟಾರ್ಟ್ ಆಗುತ್ತೆ, ಇಲ್ಲಾ ಯುಎಸ್‌ಬಿ ಪೋರ್ಟ್ ಕೈ ಕೊಡುತ್ತೆ. ಬೋರ್ಡಿನ ಪವರ್ ಭಾಗ ಬಿಸಿಯಾದರೂ ಸ್ಪೀಡ್ ಇಳಿಯೋದುಂಟು, ಇಲ್ಲ ಅನ್ನಲ್ಲ. ಆದರೆ ಅದು ಕೊನೆಗೆ ನೋಡೋದು, ಮೊದಲಿಗೆ ಹೇಳೋದಲ್ಲ. 6,500 ಜೇಬಲ್ಲೇ ಇರಲಿ.

ಫಾರ್ಮ್ಯಾಟ್ ಮಾಡಿಸಿದ್ದು ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹೊಸ ವಿಂಡೋಸ್‌ನಲ್ಲೂ ಅದೇ ಕಾಟ ಅಂದರೆ ವೈರಸ್ಸು, ಸ್ಟಾರ್ಟಪ್ ಕಸ, ಹಳೇ ಡ್ರೈವರ್ ಇವೆಲ್ಲ ಅರ್ಧಕ್ಕರ್ಧ ಲೆಕ್ಕದಿಂದ ಹೊರಗೆ.

ರಾತ್ರಿಪಾಳಿ · ಸೋಮವಾರ ಬೆಳಗಿನ ಜಾವ 2:08

ಕೆಲಸದ ನಡುವೆ ಓದಿದೆ. ನಾನು ಐಟಿ ಸಪೋರ್ಟಿನಲ್ಲಿದ್ದೇನೆ, ಇಂಥ ದೂರು ದಿನಕ್ಕೆ ಹತ್ತು ಬರುತ್ತೆ, ಗೇಮ್ ಬದಲು ಎಕ್ಸೆಲ್ ಅಷ್ಟೇ ವ್ಯತ್ಯಾಸ. ಯಾರೂ ಏನೂ ಕೊಳ್ಳೋಕೆ ಹೇಳಬೇಡಿ ಈಗಲೇ. ಮೊದಲು ಅಂಕಿ ತಗೊಂಡು ಬನ್ನಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಜಾಗಕ್ಕೆ ಹೋಗಿ. ಗೇಮ್ ಓಡ್ತಾ ಇರಲಿ, ಅದು ನಿಧಾನ ಆದ ತಕ್ಷಣ ಆಲ್ಟ್-ಟ್ಯಾಬ್ ಮಾಡಿ ಇವನ್ನ ಬರೆದುಕೊಳ್ಳಿ: ಸಿಪಿಯು (ಅಂದರೆ ಪ್ರೊಸೆಸರ್) ಎಷ್ಟು ಶೇಕಡಾ, ಅದರ ಕೆಳಗೆ ಸ್ಪೀಡ್ ಅಂತ ಇರುತ್ತಲ್ಲ ಅದು ಎಷ್ಟು ಗಿಗಾಹರ್ಟ್ಸ್, ಮೆಮೊರಿ ಎಷ್ಟು, ಎರಡೂ ಡಿಸ್ಕ್ ಎಷ್ಟು, ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡ್) ಎಷ್ಟು. ನಿಮ್ಮ ಪ್ರೊಸೆಸರ್‌ದು ಬೇಸ್ ಸ್ಪೀಡ್ 2.9, ಮೇಲಕ್ಕೆ 4.3ರ ತನಕ ಹೋಗುತ್ತೆ. ಹಾಗಾಗಿ ಗೇಮ್ ಓಡುವಾಗ 2.9ಕ್ಕಿಂತ ಕೆಳಗಿದ್ದರೆ ಅಲ್ಲೇ ಕಳ್ಳ ಸಿಕ್ಕ ಹಾಗೆ.

ಜೊತೆಗೆ ಎಚ್‌ಡಬ್ಲ್ಯುಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡು ಪ್ರೊಸೆಸರ್ ಎಷ್ಟು ಡಿಗ್ರಿ ಬಿಸಿ ಇದೆ ನೋಡಿ. ಸುಮ್ನೆ ಇರುವಾಗ ಎಷ್ಟು, ಗೇಮ್ ಆಡುವಾಗ ಎಷ್ಟು, ಎರಡೂ ಬೇಕು.

ಜಿಪಿಯು ಅಂಕಿ ಯಾಕೆ ಕೇಳ್ತೀನಿ ಅಂದರೆ, ಅದು 95ರ ಮೇಲೆ ಇದ್ದರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿದೆ ಅಂತ. ಅದು 30-40ರಲ್ಲಿ ಆಕಳಿಸ್ತಾ ಕೂತಿದ್ದರೆ ಅದಕ್ಕೆ ಕೆಲಸ ಕೊಡಬೇಕಾದವನು ಎಲ್ಲೋ ಸಿಕ್ಕಿಬಿದ್ದಿದ್ದಾನೆ ಅಂತ. ಆಗ ಯಾವ ಹೊಸ ಕಾರ್ಡ್ ತಂದರೂ ಅದೂ ಆಕಳಿಸುತ್ತೆ.

ಸಿ ಡ್ರೈವ್ ಫುಲ್ · ಸೋಮವಾರ ಬೆಳಗ್ಗೆ 8:30

ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೀರಾ ಅಂತಲೂ ನೋಡಿ ಸರ್. ಅಂಗಡಿಗೆ ಹೋಗಿ ಬಂದ ಪಿಸಿ ಅಂದರೆ ಇದು ಕೇಳಲೇಬೇಕು. ಈ ಪ್ರೊಸೆಸರಿನಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಹಾಗಾಗಿ ಎಚ್‌ಡಿಎಂಐ ವೈರನ್ನ ಬೋರ್ಡಿಗೆ ಹಾಕಿದರೂ ಚಿತ್ರ ಬರುತ್ತೆ, ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಫ್ಯಾನ್ ತಿರುಗಿಸ್ತಾ ಇರುತ್ತೆ. ನನ್ನ ತಂಗಿ ಗಂಡ ಎಂಟು ತಿಂಗಳು ಹೀಗೇ ಆಡಿದ್ದಾನೆ. ನಾನು ವೈರ್ ಬದಲಿಸಿ ಕೊಟ್ಟ ದಿನ ಅವನ ಮುಖ ನೋಡಬೇಕಿತ್ತು. ನಗೋದಾ ಅಳೋದಾ ಗೊತ್ತಾಗಲಿಲ್ಲ.

ತೊಗರಿಬೇಳೆ · ಸೋಮವಾರ ಸಂಜೆ 7:45

ಕೇಬಲ್ ಕಾರ್ಡಿಗೇ ಇದೆ ಅಣ್ಣ, ನೋಡಿದೆ. ಅಂಕಿಗಳು ಇಲ್ಲಿವೆ.

ಏನೂ ಮಾಡದೆ ಸುಮ್ನೆ ಇರುವಾಗ ಪ್ರೊಸೆಸರ್ 74 ಡಿಗ್ರಿ. ವ್ಯಾಲೊರೆಂಟ್ ತೆರೆದು ಅರ್ಧ ನಿಮಿಷದೊಳಗೆ 100. ಅಲ್ಲಿಗೆ ಅಂಟಿಕೊಂಡು ಕೂರುತ್ತೆ, ಅಲ್ಲಾಡಲ್ಲ. ಸ್ಪೀಡ್ 4 ಗಿಗಾಹರ್ಟ್ಸ್ ಇದ್ದಿದ್ದು 1.3ಕ್ಕೆ ಇಳಿಯಿತು. ಸಿಪಿಯು 100 ಶೇಕಡಾ, ಜಿಪಿಯು 28, ಮೆಮೊರಿ 91, ಎಸ್‌ಎಸ್‌ಡಿ 60ರ ಆಸುಪಾಸು. ಹಾರ್ಡ್‌ಡಿಸ್ಕ್ ಮಾತ್ರ ವಿಚಿತ್ರ, ಗೇಮ್ ಅದರಲ್ಲಿ ಇಲ್ಲವೇ ಇಲ್ಲ, ಆದರೂ ಆಗಾಗ 100ಕ್ಕೆ ಹೋಗಿ ನಿಲ್ಲುತ್ತೆ.

ಇಲ್ಲಿ ಬಿಸಿಲು 42 ಡಿಗ್ರಿ ಇದೆ ಈಗ. ಅದಕ್ಕೇ ಹೀಗಾ?

ರಾತ್ರಿಪಾಳಿ · ಸೋಮವಾರ ರಾತ್ರಿ 9:20

ನೋಡಿ, ಸಿಕ್ಕಿಬಿತ್ತು.

ಆ ಪ್ರೊಸೆಸರಿನ ಮಿತಿ 100 ಡಿಗ್ರಿ. ಅಲ್ಲಿಗೆ ತಲುಪಿದ ಮೇಲೆ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತೆ. ಇದಕ್ಕೆ ಥರ್ಮಲ್ ಥ್ರಾಟಲಿಂಗ್ ಅಂತಾರೆ. ಮೊದಲ ಅರ್ಧ ನಿಮಿಷ ಚೆನ್ನಾಗಿ ಓಡಿ ಆಮೇಲೆ ಬೀಳೋದು ಯಾಕೆ ಅನ್ನೋದಕ್ಕೆ ಇದೇ ಉತ್ತರ, ಬಿಸಿ ಏರೋಕೆ ಅಷ್ಟು ಹೊತ್ತು ಬೇಕು. ವ್ಯಾಲೊರೆಂಟ್ ಬೇರೆ ಕಾರ್ಡಿಗಿಂತ ಪ್ರೊಸೆಸರನ್ನೇ ಜಾಸ್ತಿ ನೆಚ್ಚಿಕೊಂಡ ಗೇಮು, ಹಾಗಾಗಿ ಪೆಟ್ಟು ನೇರ ಅಲ್ಲಿಗೇ ಬಿತ್ತು. ಜಿಪಿಯು 28 ಇರೋದು ನೋಡಿ, ಕಾರ್ಡ್ ಪಾಪ ನಿರಪರಾಧಿ.

ಬಿಸಿಲಿನ ಪಾಲು ಇದ್ದೇ ಇದೆ. ರೂಮಿನಲ್ಲಿ ಐದು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಐದು ಏರುತ್ತೆ. ಫ್ಯಾನ್ ಹಾಕಿದ ಕೂಲರ್ ಯಾವುದಾದರೂ ರೂಮಿನ ಗಾಳಿಗಿಂತ ತಂಪು ಮಾಡೋಕಾಗಲ್ಲ. ಆದರೆ ಬಿಸಿಲಿನಿಂದಲೇ ಸುಮ್ನೆ ಕೂತ ಪ್ರೊಸೆಸರ್ 74 ಆಗಲ್ಲ. ನಿಮ್ಮ ಲೆಕ್ಕಕ್ಕೆ 50ರ ಆಸುಪಾಸು ಇರಬೇಕಿತ್ತು. ಒಂದಾ ಧೂಳು ಕಟ್ಟಿದೆ, ಇಲ್ಲಾ ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸೋಕೆ ಹಚ್ಚಿದ ಪೇಸ್ಟ್ ಒಣಗಿದೆ, ಇಲ್ಲಾ ಕೂಲರ್ ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ.

ಒಂದು ಪ್ರಶ್ನೆ. ಎರಡು ತಿಂಗಳ ಹಿಂದೆ ಏನಾಯ್ತು? ಏನಾದರೂ ಬದಲಾಯ್ತಾ?

ತೊಗರಿಬೇಳೆ · ಸೋಮವಾರ ರಾತ್ರಿ 9:31

ಪಿಸಿಯಲ್ಲಿ ಏನೂ ಬದಲಿಸಿಲ್ಲ ಮೇಡಂ. ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದೆ, ಅಷ್ಟೇ.

ಹಳೇ ಸೈಬರ್ ಕೆಫೆ · ಸೋಮವಾರ ರಾತ್ರಿ 9:33

ಪಿಸಿ ಹೇಗೆ ಬಂತು?

ತೊಗರಿಬೇಳೆ · ಸೋಮವಾರ ರಾತ್ರಿ 9:36

ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ. ಚಾದರ ಸುತ್ತಿ ಇಟ್ಟಿದ್ದೆ. ನಿಲ್ಲಿಸಿಯೇ ಇಡಿ ಅಂತ ಕ್ಲೀನರಿಗೆ ಹೇಳಿದ್ದೆ, ಬೆಳಗ್ಗೆ ನೋಡಿದರೆ ಮಲಗಿತ್ತು, ಮೇಲೊಂದು ಈರುಳ್ಳಿ ಚೀಲ.

ಹಳೇ ಸೈಬರ್ ಕೆಫೆ · ಸೋಮವಾರ ರಾತ್ರಿ 10:10

ಹ್ಹ ಹ್ಹ. ನೀವು ಏನೂ ಬದಲಾಗಿಲ್ಲ ಅಂದ್ರಲ್ಲ, ಅಲ್ಲೇ ಎಲ್ಲಾ ಆಗಿದೆ.

ಪ್ರೊಸೆಸರ್ ಡಬ್ಬದೊಳಗೇ ಬರೋ ಸಣ್ಣ ಗುಂಡನೆ ಕೂಲರ್ ಹಾಕಿದ್ದೀರಾ? ಅದು ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ ನಿಂತಿರುತ್ತೆ. ಪಿನ್ ಬೋರ್ಡಿನ ತೂತಿನಲ್ಲಿ ಹೋಗಿ ಹಿಂದುಗಡೆ ಅಗಲವಾಗಿ ಕಚ್ಚಿಕೊಳ್ಳುತ್ತೆ. ಒಂದು ಪಿನ್ ಎದ್ದರೆ ಸಾಕು, ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಬರುತ್ತೆ. ಕಣ್ಣಿಗೆ ಕಾಣಲ್ಲ. ಫ್ಯಾನ್ ತಿರುಗ್ತಾನೇ ಇರುತ್ತೆ, ಅದನ್ನ ನೋಡಿ ಅಂಗಡಿಯವನು ಕೂಲರ್ ಸರಿ ಇದೆ ಅಂದುಕೊಳ್ತಾನೆ. ಬಿಸಿ ದಾಟಬೇಕಾದ ಜಾಗದಲ್ಲಿ ಗಾಳಿ ಕೂತಿರುತ್ತೆ.

ನನ್ನ ಕೆಫೆಯಲ್ಲಿ ಒಂದು ಸಲ ಅಂಗಡಿ ಬದಲಿಸಿದಾಗ ಹನ್ನೆರಡು ಮಷಿನ್ ಗೂಡ್ಸ್ ಆಟೋದಲ್ಲಿ ತಂದೆವು. ನಾಲ್ಕರಲ್ಲಿ ಇದೇ ಕಥೆ. ಮೊದಲನೆಯದಕ್ಕೆ ಮೂರು ದಿನ ತಲೆ ಕೆಡಿಸಿಕೊಂಡೆ, ಉಳಿದ ಮೂರಕ್ಕೆ ಹತ್ತು ನಿಮಿಷ.

ನಾಳೆ ಹೀಗೆ ಮಾಡಿ. ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಪಕ್ಕದ ಬಾಗಿಲು ತೆಗೆಯಿರಿ. ಕ್ಯಾಬಿನೆಟ್ ಮಲಗಿಸಿ ಕೂಲರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡಬಾರದು. ಅಲ್ಲಾಡಿದರೆ ಯಾವ ಮೂಲೆ ಅಂತ ನೋಡಿ, ಫೋಟೋ ಹಾಕಿ. ಈಗಲೇ ಒತ್ತಿ ಕೂರಿಸೋಕೆ ಹೋಗಬೇಡಿ, ಒಮ್ಮೆ ಎದ್ದ ಮೇಲೆ ಹಳೇ ಪೇಸ್ಟ್ ಕೆಲಸಕ್ಕೆ ಬರಲ್ಲ, ಹೊಸದು ಹಚ್ಚಬೇಕು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಅನ್ನೋದಾದರೆ ಅದನ್ನೂ ಹೇಳಿ.

ಮಲೆನಾಡ ಮಳೆ · ಸೋಮವಾರ ರಾತ್ರಿ 11:02

ನಡುವೆ ಬಂದೆ, ಕ್ಷಮಿಸಿ. ನನ್ನದೂ ಇದೇ ಥರದ್ದು ಆದರೆ ಲ್ಯಾಪ್‌ಟಾಪ್. ತೀರ್ಥಹಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್, ಆರ್‌ಟಿಎಕ್ಸ್ 3050 ಕಾರ್ಡ್ ಇದೆ, ಮೊದಲು ಜಿಟಿಎ 5 ಬೆಣ್ಣೆ ಥರ ಓಡುತ್ತಿತ್ತು, ಈಗ 20 ಎಫ್‌ಪಿಎಸ್. ಬಿಸಿ ನೋಡಿದೆ, 65 ದಾಟಲ್ಲ. ಅಂದರೆ ಬಿಸಿ ಅಲ್ಲ ಅಲ್ವಾ? ಹೊಸ ಥ್ರೆಡ್ ಹಾಕಬೇಕಾ?

ರಾತ್ರಿಪಾಳಿ · ಮಂಗಳವಾರ ಬೆಳಗಿನ ಜಾವ 1:40

ಇಲ್ಲೇ ಕೇಳಿ ಪರವಾಗಿಲ್ಲ. ಗೇಮ್ ಆಡುವಾಗ ಚಾರ್ಜರ್ ಚುಚ್ಚಿರುತ್ತಾ? ಕಂಪನಿ ಜೊತೆ ಬಂದದ್ದೇನಾ? ಚಾರ್ಜರ್ ಇಟ್ಟಿಗೆ ಮೇಲೆ ಎಷ್ಟು ವಾಟ್ ಅಂತ ಬರೆದಿದೆ ನೋಡಿ ಹೇಳಿ. ವಾಟ್ ಬರೆದಿಲ್ಲದಿದ್ದರೆ ಔಟ್‌ಪುಟ್ ಅನ್ನೋ ಸಾಲಿನಲ್ಲಿರೋ ವೋಲ್ಟನ್ನ ಆಂಪಿಯರ್‌ನಿಂದ ಗುಣಿಸಿ.

ತೊಗರಿಬೇಳೆ · ಮಂಗಳವಾರ ಸಂಜೆ 6:25

ಅಣ್ಣಾರ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು!

ಎಡ ಮೇಲಿನ ಮೂಲೆ. ಅಲ್ಲಾಡಿಸಿದೆ, ಲಟಕ್ ಲಟಕ್ ಅಂತು. ಹಿಂದಿನ ಬಾಗಿಲನ್ನೂ ತೆಗೆದು ಟಾರ್ಚ್ ಹಾಕಿ ನೋಡಿದರೆ ಮೂರು ಪಿನ್ನಿನ ತುದಿ ತೂತಿನಿಂದ ಹೊರಗೆ ಕಾಣುತ್ತೆ, ನಾಲ್ಕನೆಯದು ಇಲ್ಲ. ಅಪ್ಪನಿಗೂ ತೋರಿಸಿದೆ. ಇಷ್ಟು ಸಣ್ಣ ಪ್ಲಾಸ್ಟಿಕ್ಕಿಗಾ ಅಂದರು, ನನ್ನ ಗೇಮಿನ ಮೇಲಿನ ಆರೋಪ ಮಾತ್ರ ವಾಪಸ್ ತಗೊಂಡಿಲ್ಲ.

ಧೂಳೂ ಇದೆ, ಕೂಲರಿನ ರೆಕ್ಕೆಗಳ ನಡುವೆ ಹತ್ತಿ ತುಂಬಿದ ಹಾಗೆ. ಕ್ಯಾಬಿನೆಟ್ ಮುಟ್ಟಿದರೆ ಬರಿಗಾಲಲ್ಲಿ ಇದ್ದಾಗ ಜುಮ್ ಅನ್ನುತ್ತೆ, ಹೌದು. ಮೊದಲಿಂದ ಇಲ್ಲ, ಈ ಮನೆಗೆ ಬಂದ ಮೇಲೆ. ಪೇಸ್ಟ್ ತಂದಿದ್ದೇನೆ, ಹೇಗೆ ಹಚ್ಚೋದು?

ಹಳೇ ಸೈಬರ್ ಕೆಫೆ · ಮಂಗಳವಾರ ರಾತ್ರಿ 8:15

ಮೊದಲು ಜುಮ್ ಅನ್ನೋದರ ಬಗ್ಗೆ. ಅದು ಅರ್ತಿಂಗ್ ಇಲ್ಲದ ಪ್ಲಗ್ಗು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೂರನೇ ತೂತಿಗೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪಾಯಿಂಟಾದರೂ ಸರಿ ಮಾಡಿಸಿ. ಪಿಸಿ ಸ್ಲೋ ಆಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದು ಮನುಷ್ಯನ ಜೀವದ ವಿಷಯ, ಅಪ್ಪನೂ ಅದೇ ಕುರ್ಚಿಯಲ್ಲಿ ಕೂರ್ತಾರೆ ಅಲ್ವಾ.

ಈಗ ಕೂಲರ್. ಬಿಚ್ಚೋ ಮೊದಲು ಪಿಸಿ ಐದು ನಿಮಿಷ ಆನ್ ಮಾಡಿ ಆಫ್ ಮಾಡಿ, ಪೇಸ್ಟ್ ಮೆತ್ತಗಾಗುತ್ತೆ. ಪ್ಲಗ್ ಕಿತ್ತ ಮೇಲೆ ಫ್ಯಾನ್ ವೈರ್ ತೆಗೆಯಿರಿ. ನಾಲ್ಕೂ ಪಿನ್ನಿನ ತಲೆ ಮೇಲೆ ಒಂದು ಬಾಣದ ಗುರುತು ಇದೆ, ಆ ಕಡೆ ತಿರುಗಿಸಿ ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತೆ. ಹಳೇ ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಕೂಲರಿನ ತಳವನ್ನೂ. ಪ್ರೊಸೆಸರ್ ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ, ಸಾಕು. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬಳಿಯೋದು ಬೇಡ, ಈ ಮಾತು ದಾವಣಗೆರೆಯವನೇ ಹೇಳ್ತಿದ್ದೇನೆ, ನಂಬಿ.

ಕೂರಿಸೋ ಮುಂಚೆ ನಾಲ್ಕೂ ಪಿನ್ನಿನ ತಲೆಯನ್ನ ಬಾಣಕ್ಕೆ ಎದುರು ದಿಕ್ಕಿನಲ್ಲಿ ತಿರುಗಿಸಿ ಮೊದಲಿನ ಜಾಗಕ್ಕೆ ತನ್ನಿ. ಇದನ್ನ ಮರೆತರೆ ಎಷ್ಟು ಒತ್ತಿದರೂ ಕಚ್ಚಲ್ಲ. ಆಮೇಲೆ ಒಂದು ಮೂಲೆ ಒತ್ತಿ, ಅದರ ಎದುರಿನ ಮೂಲೆ ಒತ್ತಿ, ಹಾಗೇ ಉಳಿದೆರಡು. ಪ್ರತಿ ಸಲ ಟಕ್ ಅಂತ ಸದ್ದು ಬರಬೇಕು. ಬೋರ್ಡ್ ಸ್ವಲ್ಪ ಬಗ್ಗುತ್ತೆ, ಎದೆ ಢವಢವ ಅನ್ನುತ್ತೆ, ಎಲ್ಲರಿಗೂ ಅನ್ನುತ್ತೆ. ಕೊನೆಗೆ ಹಿಂದುಗಡೆ ಟಾರ್ಚ್ ಹಾಕಿ ನಾಲ್ಕೂ ತುದಿ ಹೊರಗೆ ಬಂದಿದೆಯಾ ಎಣಿಸಿ. ಫ್ಯಾನ್ ವೈರ್ ವಾಪಸ್ ಹಾಕೋದು ಮರೀಬೇಡಿ.

ಬ್ಲೋವರಿನಲ್ಲಿ ಧೂಳು ಹೊಡೆಯುವಾಗ ಫ್ಯಾನನ್ನ ಬೆರಳಿಂದ ಹಿಡಿದುಕೊಳ್ಳಿ, ಗಾಳಿಗೆ ಬುಗುರಿ ಥರ ತಿರುಗಿದರೆ ಬೇರಿಂಗ್ ಹಾಳು. ಅಂಗಳದಲ್ಲಿ ಹೊಡೆಯಿರಿ, ಮನೆಯೊಳಗೆ ಹೊಡೆದರೆ ನಿಮ್ಮ ತಾಯಿ ಪಿಸಿನೇ ಹೊರಗೆ ಹಾಕ್ತಾರೆ.

ಸಿ ಡ್ರೈವ್ ಫುಲ್ · ಮಂಗಳವಾರ ರಾತ್ರಿ 8:40

ಇದನ್ನ ಓದೋ ಬೇರೆಯವರಿಗೆ ಒಂದು ಮಾತು. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್, ಎಎಂ4 ಸಾಕೆಟ್ ಇದ್ದವರು ಕೂಲರನ್ನ ನೇರ ಮೇಲಕ್ಕೆ ಎಳೀಬೇಡಿ, ಪ್ರೊಸೆಸರೂ ಜೊತೆಗೇ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತೆ. ಅದರ ಕಾಲುಗಳು ಪ್ರೊಸೆಸರ್ ಕೆಳಗೇ ಇರೋದು, ಬಗ್ಗಿದರೆ ಮುಗೀತು. ಬಿಸಿ ಮಾಡಿಕೊಂಡು, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ.

ಮಲೆನಾಡ ಮಳೆ · ಮಂಗಳವಾರ ರಾತ್ರಿ 10:20

ಮೇಡಂ, ಹಳೇ ಚಾರ್ಜರ್ ಹೋದ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟು ಹೋಯ್ತು. ಅಂಗಡಿಯಲ್ಲಿ ಇದೂ ನಡೆಯುತ್ತೆ ಅಂತ ಬೇರೆ ಕೊಟ್ಟರು, ಪಿನ್ ಸರಿ ಹೊಂದುತ್ತೆ. ನೀವು ಹೇಳಿದ ಹಾಗೆ ಗುಣಿಸಿದೆ, 65 ವಾಟ್ ಬಂತು. ಸುಟ್ಟು ಹೋದದ್ದು ಅಟ್ಟದ ಮೇಲೆ ಇತ್ತು, ಅದರಲ್ಲಿ 180 ಅಂತಿದೆ.

ರಾತ್ರಿಪಾಳಿ · ಬುಧವಾರ ಬೆಳಗಿನ ಜಾವ 12:50

ಅಲ್ಲಿಗೆ ನಿಮ್ಮದು ಮುಗೀತು. 180 ವಾಟ್ ಕುಡಿಯೋ ಯಂತ್ರಕ್ಕೆ 65 ಕೊಟ್ಟರೆ ಅದು ಬದುಕಿಕೊಳ್ಳೋಕೆ ಪ್ರೊಸೆಸರು ಕಾರ್ಡು ಎರಡರ ಶಕ್ತಿಯನ್ನೂ ಕತ್ತರಿಸುತ್ತೆ. ದುಡಿಮೆಯೇ ಇಲ್ಲದ ಮೇಲೆ ಬಿಸಿ ಎಲ್ಲಿಂದ ಬರಬೇಕು, ಅದಕ್ಕೇ 65 ಡಿಗ್ರಿ. ಬಿಸಿ ಕಮ್ಮಿ ಇದ್ದು ಸ್ಪೀಡೂ ಕಮ್ಮಿ ಇದ್ದರೆ ಕರೆಂಟ್ ಕಡೆ ನೋಡಬೇಕು. ಆ ಮಾಡೆಲ್ಲಿಗೇ ಹೇಳಿದ, ಅಷ್ಟೇ ವಾಟಿನ, ಅದೇ ವೋಲ್ಟಿನ ಚಾರ್ಜರ್ ತರಿಸಿ. ಸಿಡಿಲು ಬರುವಾಗ ಪ್ಲಗ್ ಕಿತ್ತಿಡಿ. ನಿಮ್ಮ ಊರಿನವರಿಗೆ ಇದು ನಾನು ಹೇಳಬೇಕಾ!

ತೊಗರಿಬೇಳೆ · ಬುಧವಾರ ರಾತ್ರಿ 9:05

ಆಯ್ತು! ನಾಲ್ಕನೇ ಪಿನ್ ಟಕ್ ಅನ್ನೋಕೆ ಅರ್ಧ ಗಂಟೆ ಸತಾಯಿಸಿತು, ಬೆರಳಿನ ತುದಿ ಕೆಂಪಾಗಿದೆ.

ಸುಮ್ನೆ ಇರುವಾಗ 51. ಒಂದು ಗಂಟೆ ಆಡಿದೆ, 82 ದಾಟಲಿಲ್ಲ. ರೂಮಿನಲ್ಲಿ 38 ಇತ್ತು. ಸ್ಪೀಡ್ 4 ಗಿಗಾಹರ್ಟ್ಸ್ ಬಿಟ್ಟು ಇಳೀಲಿಲ್ಲ. ಎಫ್‌ಪಿಎಸ್ 190ರ ಸುತ್ತ. ಖುಷಿಗೆ ಹೆಡ್‌ಸೆಟ್ ಹಾಕಿಕೊಂಡೆ, ಯಾರೂ ಬೈಲಿಲ್ಲ.

ಎರಡು ತೊಂದರೆ ಮಾತ್ರ ಉಳಿದಿವೆ. ಒಂದು, ಕ್ರೋಮ್ ಮತ್ತು ಡಿಸ್ಕಾರ್ಡ್ ತೆರೆದಿಟ್ಟು ಆಡಿದರೆ ಆಗಾಗ ಕ್ಷಣಕಾಲ ಜರ್ಕ್. ಎರಡು, ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಇನ್ನೂ ಅರ್ಧ ನಿಮಿಷ ಸ್ತಬ್ಧ. ಅಪ್ಪನ ಕಂಪ್ಲೇಂಟ್ ಹಾಗೇ ಇದೆ.

ಇನ್ನೊಂದು ಕೇಳೋದಿತ್ತು. ನೀರಿನ ಏರ್ ಕೂಲರನ್ನ ಪಿಸಿ ಕಡೆ ತಿರುಗಿಸಬಹುದಾ? ಇಲ್ಲಿ ಎಲ್ಲರ ಮನೆಯಲ್ಲೂ ಅದೇ ಗತಿ.

ಸಿ ಡ್ರೈವ್ ಫುಲ್ · ಬುಧವಾರ ರಾತ್ರಿ 9:30

ಜರ್ಕ್ ವಿಷಯ ನನಗೆ ಬಿಡಿ, ನನ್ನ ಹೆಸರೇ ಅದು. ಸಿ ಡ್ರೈವಿನಲ್ಲಿ ಎಷ್ಟು ಜಾಗ ಉಳಿದಿದೆ? ಮೆಮೊರಿ 91 ಅಂದಿದ್ರಿ. ರ‍್ಯಾಮ್ ತುಂಬಿದರೆ ವಿಂಡೋಸ್ ಉಳಿದಿದ್ದನ್ನ ಎಸ್‌ಎಸ್‌ಡಿಗೆ ತುರುಕುತ್ತೆ. ಅಲ್ಲೂ ಜಾಗ ಇಲ್ಲದಿದ್ದರೆ ಎರಡು ಕಡೆ ಟ್ರಾಫಿಕ್ ಜಾಮ್. ಅಗ್ಗದ ಎಸ್‌ಎಸ್‌ಡಿಗಳು ಕಂಠಮಟ್ಟ ತುಂಬಿದ ಮೇಲೆ ಬರೆಯುವ ವೇಗ ತುಂಬಾ ಇಳಿಯುತ್ತೆ. ಐದನೇ ಒಂದು ಭಾಗ ಖಾಲಿ ಇಡೋದು ನನ್ನ ಲೆಕ್ಕ.

ತೊಗರಿಬೇಳೆ · ಬುಧವಾರ ರಾತ್ರಿ 9:34

ಸಿ ಡ್ರೈವಿನಲ್ಲಿ 7 ಜಿಬಿ ಇದೆ. ಜಿಟಿಎ 5 ಒಂದೇ 100 ಜಿಬಿಗೂ ಮೇಲೆ ತಿಂದಿದೆ, ಒಂದು ವರ್ಷದಿಂದ ಮುಟ್ಟಿಲ್ಲ.

ಸಿ ಡ್ರೈವ್ ಫುಲ್ · ಬುಧವಾರ ರಾತ್ರಿ 9:37

ತೆಗೀರಿ ಅದನ್ನ. ಈಗಲೇ.

ಹಳೇ ಸೈಬರ್ ಕೆಫೆ · ಬುಧವಾರ ರಾತ್ರಿ 10:00

ನೀರಿನ ಕೂಲರ್ ನೇರ ಪಿಸಿಗೆ ಬೇಡ. ಒದ್ದೆ ಗಾಳಿ, ಕೆಲವು ಸಲ ಹನಿಯನ್ನೂ ಎರಚುತ್ತೆ. ರೂಮು ತಂಪಾಗಲಿ, ಪಿಸಿ ಅದರ ದಾರಿಯಲ್ಲಿ ಇರಬಾರದು ಅಷ್ಟೇ. ಗೋಡೆಗೆ ಅಂಟಿಸಿ ಇಟ್ಟಿದ್ದರೆ ಹಿಂದೆ ಒಂದು ಗೇಣು ಜಾಗ ಬಿಡಿ.

ಎಕ್ಸ್‌ಪ್ಲೋರರ್ ಸ್ತಬ್ಧ ಆಗೋದು ನನಗೆ ಇಷ್ಟ ಆಗ್ತಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶ ಹಾಕಿ ಆ 1 ಟಿಬಿ ಡಿಸ್ಕ್ ಬಗ್ಗೆ ಏನು ಹೇಳುತ್ತೆ ನೋಡಿ. ನೀಲಿ ಇದ್ದರೆ ಒಳ್ಳೇದು. ಹಳದಿ ಇದ್ದರೆ ಬೇರೆ ಏನೂ ಮಾಡಬೇಡಿ, ಮೊದಲು ಇಲ್ಲಿ ಬಂದು ಹೇಳಿ.

ತೊಗರಿಬೇಳೆ · ಬುಧವಾರ ರಾತ್ರಿ 10:21

ಹಳದಿ. ಕಾಷನ್ ಅಂತಿದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನೋ ಸಾಲಿನ ಮುಂದೆ ಹಳದಿ ಚುಕ್ಕೆ.

ಅಪ್ಪನ ಫೈಲುಗಳೆಲ್ಲ ಅದರಲ್ಲೇ ಇವೆ.

ಹಳೇ ಸೈಬರ್ ಕೆಫೆ · ಬುಧವಾರ ರಾತ್ರಿ 10:24

ಗಾಬರಿ ಬೇಡ, ಆದರೆ ಇವತ್ತೇ ಕೂತು ಮಾಡಿ. ಪೆಂಡಿಂಗ್ ಅಂದರೆ ಡಿಸ್ಕ್ ಕೆಲವು ಜಾಗ ಓದೋಕೆ ಒದ್ದಾಡ್ತಿದೆ. ಒಂದು ಜಾಗ ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನ ಪಡುತ್ತೆ, ಅಷ್ಟು ಹೊತ್ತು ಎಕ್ಸ್‌ಪ್ಲೋರರ್ ಕಾಯುತ್ತೆ. ನೀವು ನೋಡಿದ 100 ಶೇಕಡಾ ಅದೇ.

ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆ) ಓಡಿಸಬೇಡಿ, ಡಿಫ್ರಾಗ್ (ಫೈಲ್ ಮರುಜೋಡಣೆ) ಮಾಡಬೇಡಿ. ಸಾಯ್ತಿರೋ ಡಿಸ್ಕಿಗೆ ಹೆಚ್ಚು ಕೆಲಸ ಕೊಟ್ಟರೆ ಬೇಗ ಸಾಯುತ್ತೆ. ಅಪ್ಪನ ಫೋಲ್ಡರ್ ಮೊದಲು ಪೆನ್‌ಡ್ರೈವಿಗೆ. ಆಮೇಲೆ ಫೋಟೋ. ಸಿನಿಮಾಗಳು ಕೊನೆಗೆ, ಹೋದರೆ ಹೋಗಲಿ. ಯಾವುದಾದರೂ ಫೈಲ್ ಸಿಕ್ಕಿಹಾಕಿಕೊಂಡರೆ ಸ್ಕಿಪ್ ಒತ್ತಿ ಮುಂದೆ ಹೋಗಿ, ಅದರ ಹಿಂದೆ ಬೀಳಬೇಡಿ.

ಆರ್‌ಟಿಎಕ್ಸ್_ಕನಸು · ಬುಧವಾರ ರಾತ್ರಿ 10:50

ಇದೂ ಬಸ್ಸಿನ ಕೆಲಸಾನಾ?

ರಾತ್ರಿಪಾಳಿ · ಬುಧವಾರ ರಾತ್ರಿ 11:30

ಹೇಳೋಕಾಗಲ್ಲ. ಆಫ್ ಆದ ಡಿಸ್ಕಿನಲ್ಲಿ ಓದೋ ಮುಳ್ಳು ಪಕ್ಕಕ್ಕೆ ಸರಿದು ನಿಂತಿರುತ್ತೆ, ಹಾಗಾಗಿ ಪ್ರಯಾಣದ ಕುಲುಕಾಟವನ್ನ ಸಾಕಷ್ಟು ತಡ್ಕೊಳ್ಳುತ್ತೆ. 2021ರಿಂದ ದುಡಿದ ಡಿಸ್ಕು, ವಯಸ್ಸೂ ಇರಬಹುದು, ಕರೆಂಟ್ ಹೋಗಿ ಬಂದು ಆದ ಪೆಟ್ಟೂ ಇರಬಹುದು. ಯುಪಿಎಸ್ ಇದೆಯಾ ಅವರಿಗೆ ಅಂತ ನಾನು ಕೇಳಲೇ ಇಲ್ಲ ನೋಡಿ.

ತೊಗರಿಬೇಳೆ · ಶನಿವಾರ ಮಧ್ಯಾಹ್ನ 3:15

ಮೂರು ದಿನದ ವರದಿ.

ಅಪ್ಪನ ಫೋಲ್ಡರ್ ಪೂರ್ತಿ ಬಂತು, ಒಂಬತ್ತು ಫೈಲ್ ಬಿಟ್ಟು. ಅದರಲ್ಲಿ ಏಳು 2022ರ ಯಾವುದೋ ಹಳೇ ಅರ್ಜಿಗಳು, ಉಳಿದೆರಡನ್ನ ಅಪ್ಪ ಮತ್ತೆ ಟೈಪ್ ಮಾಡಿಕೊಂಡರು. ಆ ಡಿಸ್ಕಿನ ವೈರ್ ತೆಗೆದ ತಕ್ಷಣ ಎಕ್ಸ್‌ಪ್ಲೋರರ್ ಟಕ್ಕಂತ ತೆರೆಯಿತು, ಅಪ್ಪ ಎರಡು ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಿದರು.

ಜಿಟಿಎ ತೆಗೆದೆ. ರ‍್ಯಾಮ್ ಹೊಸದು ಕೇಳಿದರೆ ಬೆಲೆ ಕೇಳಿ ತಲೆ ತಿರುಗಿತು, ಎಐ ಡೇಟಾ ಸೆಂಟರ್‌ಗಳಿಂದಾಗಿ ಎಲ್ಲಾ ಕಡೆ ಏರಿದೆಯಂತೆ. ಚಿಕ್ಕಪ್ಪನ ಮಗನ ಆಫೀಸಿನಲ್ಲಿ ಗುಜರಿಗೆ ಇಟ್ಟ ಪಿಸಿಯಿಂದ ಒಂದು 8 ಜಿಬಿ ಸ್ಟಿಕ್ ಕೇಳಿ ತಂದೆ. ನನ್ನದರ ಸ್ಪೀಡ್ 2666, ಅದರದ್ದು 2400. ಎರಡೂ 2400ರಲ್ಲಿ ಓಡ್ತಿವೆ. ಇದರಿಂದ ನಷ್ಟ ಆಗುತ್ತಾ?

ಅರ್ತಿಂಗಿಗೆ ನಾಳೆ ಬರ್ತೀನಿ ಅಂತ ಎಲೆಕ್ಟ್ರಿಷಿಯನ್ ಮೂರು ದಿನದಿಂದ ಹೇಳ್ತಿದ್ದಾರೆ. ಯುಪಿಎಸ್ ಇಲ್ಲ ಮೇಡಂ.

ಸಿ ಡ್ರೈವ್ ಫುಲ್ · ಶನಿವಾರ ಮಧ್ಯಾಹ್ನ 3:40

ಎರಡು ಬೇರೆ ಸ್ಪೀಡ್ ಇದ್ದರೆ ನಿಧಾನದ್ದಕ್ಕೇ ಎರಡೂ ಇಳಿಯುತ್ತವೆ, ಅದು ಸಹಜ. ಆದರೆ ಒಂದು ಸ್ಟಿಕ್ಕಿನಲ್ಲಿ ಒಂದೇ ಚಾನೆಲ್ ಓಡುತ್ತಿತ್ತು, ಈಗ ಎರಡು. ಒಂದೇ ಪಥದ ರಸ್ತೆಯಲ್ಲಿ ಜೋರಾಗಿ ಹೋಗೋದಕ್ಕಿಂತ ಎರಡು ಪಥದಲ್ಲಿ ಸ್ವಲ್ಪ ನಿಧಾನ ಹೋಗೋದೇ ಮೇಲು. ಜರ್ಕ್ ನಿಂತಿದೆಯಾ ಹೇಳಿ, ಅದು ಮುಖ್ಯ.

ತೊಗರಿಬೇಳೆ · ಶನಿವಾರ ಮಧ್ಯಾಹ್ನ 3:44

ನಿಂತಿದೆ. ಕ್ರೋಮಿನಲ್ಲಿ ಹದಿನೈದು ಟ್ಯಾಬ್ ಇಟ್ಟು ಆಡಿದೆ, ಮೆಮೊರಿ 58 ಶೇಕಡಾ.

ಹಳೇ ಸೈಬರ್ ಕೆಫೆ · ಶನಿವಾರ ಸಂಜೆ 5:00

ಒಳ್ಳೇದಾಯ್ತು. ಒಂದು ಮಾತು ನೆನಪಿಡಿ, ಮುಂದೆ ಯಾವಾಗಾದರೂ ಈ ಪಿಸಿ ಬಸ್ ಹತ್ತೋದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬಟ್ಟೆ ಚೀಲದಲ್ಲಿ ಕೈಯಲ್ಲಿ ಹಿಡ್ಕೊಂಡು ಹೋಗಿ. ಕ್ಯಾಬಿನೆಟ್ಟನ್ನ ಬೋರ್ಡ್ ಕೆಳಗೆ ಬರೋ ಹಾಗೆ ಮಲಗಿಸಿ ಇಡಿ, ಆಗ ಕೂಲರಿನ ಭಾರ ಪಿನ್ನನ್ನ ಎಳೆಯಲ್ಲ. ಮೇಲೆ ಈರುಳ್ಳಿ ಇಡಬೇಡಿ.

ಯುಪಿಎಸ್ ಒಂದು ತಗೊಳ್ಳಿ. 6,500 ಉಳಿದಿದೆಯಲ್ಲ.

ಮಲೆನಾಡ ಮಳೆ · ಶನಿವಾರ ರಾತ್ರಿ 8:30

ನನ್ನ ಚಾರ್ಜರ್ ಬಂತು. 180 ವಾಟ್. ಜಿಟಿಎ ಮತ್ತೆ 70ರ ಮೇಲೆ ಓಡ್ತಿದೆ, ಜೊತೆಗೆ ಲ್ಯಾಪ್‌ಟಾಪ್ ಈಗ ದೋಸೆ ಹಂಚಿನಷ್ಟು ಬಿಸಿ. 88 ಡಿಗ್ರಿ. ಇದು ಸರಿನಾ?

ರಾತ್ರಿಪಾಳಿ · ಭಾನುವಾರ ಬೆಳಗಿನ ಜಾವ 1:15

ಗೇಮಿಂಗ್ ಲ್ಯಾಪ್‌ಟಾಪಿಗೆ 88 ಸಾಮಾನ್ಯ. ಹಾಸಿಗೆ ಮೇಲೆ ಇಟ್ಟುಕೊಂಡು ಆಡ್ತಿದೀರಾ?

ಮಲೆನಾಡ ಮಳೆ · ಭಾನುವಾರ ಬೆಳಗ್ಗೆ 7:50

ಹೌದು. ಕಂಬಳಿ ಮೇಲೆ.

ರಾತ್ರಿಪಾಳಿ · ಭಾನುವಾರ ಬೆಳಗ್ಗೆ 8:02

ಮೇಜಿನ ಮೇಲಿಟ್ಟು ಮತ್ತೆ ಅಳೆದು ಹೇಳಿ. ನಾನು ಈಗ ಮಲಗ್ತೀನಿ.